ಮೋಟಾರು ಬಂಡಿಯ ಕಾಣದ ಭಾಗ

ಮೋಟಾರು ಬಂಡಿಯನ್ನು ಕೊಳ್ಳಲು ಹೋದವನು ಸಾಮಾನ್ಯವಾಗಿ ಅದರ ಬಣ್ಣವನ್ನು ನೋಡುತ್ತಾನೆ. ಬಾಗಿಲನ್ನು ತೆರೆದು ಮುಚ್ಚಿ ಅದರ ಸದ್ದನ್ನು ಆಲಿಸುತ್ತಾನೆ. ಎಂಜಿನ್ನಿನ ಶಕ್ತಿ ಎಷ್ಟು, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಓಡುವುದು ಎಂದು ವಿಚಾರಿಸುತ್ತಾನೆ. ಆದರೆ ಇಂದಿನ ಬಂಡಿಯಲ್ಲಿ ಇವೆಲ್ಲಕ್ಕೂ ಅಪ್ಪಣೆ ಕೊಡುವ ಮತ್ತೊಂದು ಭಾಗವುಂಟು. ಅದಕ್ಕೆ ತೂಕವಿಲ್ಲ, ಆಕಾರವಿಲ್ಲ. ಕೈಯಿಂದ ಮುಟ್ಟಿ ನೋಡುವಂತೆಯೂ ಇಲ್ಲ. ಎಂಜಿನ್ನಿಗೆ ಯಾವ ಕ್ಷಣದಲ್ಲಿ ಎಷ್ಟು ಇಂಧನ ಸಲ್ಲಬೇಕು, ಜಾರುತ್ತಿರುವ ಚಕ್ರದ ಬ್ರೇಕನ್ನು ಯಾವಾಗ ಸಡಿಲಿಸಬೇಕು, ಅಪಘಾತವಾದಾಗ ಗಾಳಿಚೀಲ ಯಾವಾಗ ಉಬ್ಬಬೇಕು ಎಂಬುದನ್ನೆಲ್ಲ ಅದು ನಿರ್ಧರಿಸುತ್ತದೆ. ಇದೇ ತಂತ್ರಾಂಶ, ಅಂದರೆ ಸಾಫ್ಟ್‌ವೇರ್. ಅದು ಮನುಷ್ಯರು ಕುಳಿತು ಬರೆದ ಬರಹ. ಆ ಬರಹದ ಗುಣಮಟ್ಟವನ್ನು ಕುರಿತು, ಮುಂದೆ ಅದನ್ನು ಬರೆಯಲಿರುವ ತರುಣರೊಡನೆ ನಾಲ್ಕು ಮಾತುಗಳನ್ನು ಆಡುವುದು ಈ ಲೇಖನದ ಉದ್ದೇಶ.

ಮೊದಲಿಗೆ, ಗಣಕಯಂತ್ರವು ಬಂಡಿಯೊಳಕ್ಕೆ ಬಂದುದೇಕೆ ಎಂಬುದನ್ನು ತಿಳಿಯಬೇಕು. ಅದು ಸೊಗಸಿಗಾಗಿ ಬಂದುದಲ್ಲ. ಹೊಗೆಯ ಕಾರಣದಿಂದ ಬಂದುದು. ಅಮೆರಿಕದಲ್ಲಿ ೧೯೭೦ರಲ್ಲಿ ವಾಯುಶುದ್ಧಿಗೆ ಸಂಬಂಧಿಸಿದ ಕಟ್ಟುನಿಟ್ಟಾದ ಕಾನೂನು ಜಾರಿಗೆ ಬಂದಿತು. ವಿಷಾನಿಲಗಳನ್ನು ನಿರಪಾಯ ಮಾಡಲು ಹೊಗೆಕೊಳವೆಯಲ್ಲಿ ವೇಗವರ್ಧಕವನ್ನು ಇರಿಸಿದರು. ಆದರೆ ಆ ವೇಗವರ್ಧಕ ಚೆನ್ನಾಗಿ ಕೆಲಸ ಮಾಡಬೇಕಾದರೆ ಒಂದು ಕಿಲೋಗ್ರಾಂ ಪೆಟ್ರೋಲಿಗೆ ಸುಮಾರು ೧೪.೭ ಕಿಲೋಗ್ರಾಂ ಗಾಳಿ ಬೆರೆತಿರಬೇಕು. ಈ ಪ್ರಮಾಣ ಸ್ವಲ್ಪವೂ ತಪ್ಪಬಾರದು. ಹಳೆಯ ಕಾರ್ಬ್ಯುರೇಟರಿಗೆ ಇಷ್ಟು ಸೂಕ್ಷ್ಮವಾದ ಕೆಲಸ ಸಾಧ್ಯವಿರಲಿಲ್ಲ. ಜರ್ಮನಿಯ ಬಾಷ್ ಸಂಸ್ಥೆ ೧೯೭೬ರಲ್ಲಿ ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಅಳೆಯುವ ಸಂವೇದಕವನ್ನು ಬಳಕೆಗೆ ತಂದಿತು. ಆ ಅಳತೆಯನ್ನು ಓದಿ ಕ್ಷಣಕ್ಷಣಕ್ಕೂ ಇಂಧನವನ್ನು ತಿದ್ದಲು ಒಂದು ಪುಟ್ಟ ಗಣಕ ಬೇಕಾಯಿತು. ೧೯೮೧ರ ವೇಳೆಗೆ ಜನರಲ್ ಮೋಟಾರ್ಸ್ ಸಂಸ್ಥೆಯು ಅಮೆರಿಕದಲ್ಲಿ ಮಾರುತ್ತಿದ್ದ ತನ್ನ ಬಹುತೇಕ ಎಲ್ಲ ಕಾರುಗಳಲ್ಲಿಯೂ ಇಂಥ ಗಣಕವನ್ನು ಅಳವಡಿಸಿತ್ತು.

ಒಮ್ಮೆ ಒಳಗೆ ಬಂದ ಅತಿಥಿ ಮನೆಯ ಯಜಮಾನನೇ ಆದನು. ಬ್ರೇಕಿಗೊಂದು ಗಣಕ, ಗಾಳಿಚೀಲಕ್ಕೊಂದು, ಕಿಟಕಿಗೊಂದು, ದೀಪಕ್ಕೊಂದು ಬಂದವು. ಇವು ಒಂದಕ್ಕೊಂದು ಮಾತನಾಡಲು ಪ್ರತ್ಯೇಕ ತಂತಿಗಳನ್ನು ಎಳೆದರೆ ಬಂಡಿಯ ತುಂಬ ತಂತಿಯೇ ಆಗುವುದೆಂದು, ಎಲ್ಲರೂ ಒಂದೇ ಜೋಡಿ ತಂತಿಯ ಮೇಲೆ ಸರದಿಯಿಂದ ಮಾತನಾಡುವ 'ಕ್ಯಾನ್' ಎಂಬ ವ್ಯವಸ್ಥೆಯನ್ನು ಬಾಷ್ ಸಂಸ್ಥೆ ೧೯೮೬ರಲ್ಲಿ ಪ್ರಕಟಿಸಿತು. ಇಂದು ಬೆಲೆಬಾಳುವ ಕಾರೊಂದರಲ್ಲಿ ಎಪ್ಪತ್ತು, ಎಂಬತ್ತು ಗಣಕಗಳಿರುವುದು ಆಶ್ಚರ್ಯದ ಸಂಗತಿಯಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ಲೋಹದ ಬಿಡಿಭಾಗಕ್ಕೂ ಬರಹದ ಬಿಡಿಭಾಗಕ್ಕೂ ಒಂದು ಮೂಲಭೂತ ವ್ಯತ್ಯಾಸವುಂಟು. ಲೋಹ ಸವೆಯುತ್ತದೆ. ಸವೆಯುವ ಮುನ್ನ ಸದ್ದು ಮಾಡುತ್ತದೆ, ಬಿಸಿಯಾಗುತ್ತದೆ, ಅಲುಗಾಡುತ್ತದೆ. ಅನುಭವಸ್ಥನಾದ ಮೆಕ್ಯಾನಿಕನು ಕಿವಿಗೊಟ್ಟು ಕೇಳಿ ಕಾಯಿಲೆಯನ್ನು ಹೇಳಬಲ್ಲ. ತಂತ್ರಾಂಶ ಸವೆಯುವುದಿಲ್ಲ. ಅದರಲ್ಲಿರುವ ದೋಷವು ಬಂಡಿ ಕಾರ್ಖಾನೆಯಿಂದ ಹೊರಬಂದ ದಿನವೇ ಒಳಗೆ ಕುಳಿತಿರುತ್ತದೆ. ಯಾವುದೋ ಒಂದು ವಿಶೇಷ ಸನ್ನಿವೇಶ ಒದಗುವವರೆಗೆ ವರ್ಷಗಟ್ಟಲೆ ಮೌನವಾಗಿದ್ದು, ಒದಗಿದ ಕ್ಷಣದಲ್ಲಿ ಎಚ್ಚರಿಕೆಯಿಲ್ಲದೆ ತಲೆಯೆತ್ತುತ್ತದೆ. ಇನ್ನೂ ಒಂದು ಮಾತು. ಲೋಹದ ಎರಕದಲ್ಲಿ ಒಂದು ಭಾಗ ಬಿರುಕು ಬಿಟ್ಟರೆ ಪಕ್ಕದ ಭಾಗ ಗಟ್ಟಿಯಾಗಿರಬಹುದು. ತಂತ್ರಾಂಶದ ದೋಷವಾದರೋ ಹತ್ತು ಲಕ್ಷ ಬಂಡಿಗಳಲ್ಲಿ ಹತ್ತು ಲಕ್ಷಕ್ಕೂ ಏಕರೂಪವಾಗಿ ಇರುತ್ತದೆ.

ಹಾಗಾದರೆ ಚೆನ್ನಾಗಿ ಪರೀಕ್ಷಿಸಿ ಹೊರಗೆ ಬಿಟ್ಟರೆ ಸಾಲದೆ ಎಂದು ವಿದ್ಯಾರ್ಥಿಗಳು ಕೇಳಬಹುದು. ಸ್ವಲ್ಪ ಲೆಕ್ಕ ಮಾಡಿ ನೋಡೋಣ. ಒಂದು ಕ್ರಮವಿಧಿಯಲ್ಲಿ 'ಹೌದು' ಅಥವಾ 'ಅಲ್ಲ' ಎಂಬ ಎರಡೇ ಉತ್ತರವುಳ್ಳ ೩೦ ಪ್ರಶ್ನೆಗಳಿವೆ ಎಂದಿಟ್ಟುಕೊಳ್ಳಿ. ಬಾಗಿಲು ಮುಚ್ಚಿದೆಯೆ? ಬ್ರೇಕು ಒತ್ತಿದೆಯೆ? ಚಕ್ರ ಜಾರುತ್ತಿದೆಯೆ? ಇತ್ಯಾದಿ. ಈ ಉತ್ತರಗಳ ಒಟ್ಟು ಜೋಡಣೆಗಳು ಎರಡರ ಮೂವತ್ತನೆಯ ಘಾತದಷ್ಟು, ಎಂದರೆ ೧೦೭ ಕೋಟಿಗೂ ಹೆಚ್ಚು. ಸೆಕೆಂಡಿಗೆ ಒಂದರಂತೆ ಹಗಲಿರುಳು ಬಿಡದೆ ಪರೀಕ್ಷಿಸಿದರೂ ಮುಗಿಯಲು ೩೪ ವರ್ಷ ಬೇಕು. ನಿಜವಾದ ಬಂಡಿಯಲ್ಲಿ ಇಂಥ ಪ್ರಶ್ನೆಗಳು ಮೂವತ್ತಲ್ಲ, ಸಾವಿರಾರು. ಪರೀಕ್ಷೆಯಿಂದ ದೋಷವಿದೆಯೆಂದು ತೋರಿಸಬಹುದೇ ಹೊರತು, ದೋಷವಿಲ್ಲವೆಂದು ತೋರಿಸಲಾಗದು ಎಂಬ ಅಭಿಪ್ರಾಯವನ್ನು ಡಚ್ ಗಣಕವಿಜ್ಞಾನಿ ಡೈಕ್‌ಸ್ಟ್ರಾ ೧೯೬೯ರ ಸುಮಾರಿಗೇ ವ್ಯಕ್ತಪಡಿಸಿದ್ದನು. ಆದುದರಿಂದ ಗುಣಮಟ್ಟವು ಕೊನೆಯಲ್ಲಿ ಬಳಿಯುವ ಬಣ್ಣದಂತೆ ಅಲ್ಲ. ಅದು ಹಿಟ್ಟಿನಲ್ಲಿಯೇ ಬೆರೆತಿರಬೇಕಾದ ಉಪ್ಪಿನಂತೆ.

ಒಂದು ಉದಾಹರಣೆಯನ್ನು ಪರಿಶೀಲಿಸೋಣ. ೨೦೧೦ರ ಫೆಬ್ರವರಿಯಲ್ಲಿ ಜಪಾನಿನ ಟೊಯೋಟ ಸಂಸ್ಥೆಯು ಪ್ರಿಯಸ್ ಮತ್ತಿತರ ಮಿಶ್ರಚಾಲಿತ ಕಾರುಗಳನ್ನು, ಒಟ್ಟು ಸುಮಾರು ೪ ಲಕ್ಷ ೩೭ ಸಾವಿರವನ್ನು, ಬ್ರೇಕಿನ ತಂತ್ರಾಂಶವನ್ನು ತಿದ್ದುವುದಕ್ಕಾಗಿ ಹಿಂದಕ್ಕೆ ಕರೆಯಿತು. ಈ ಕಾರುಗಳಲ್ಲಿ ಬ್ರೇಕು ಎರಡು ಬಗೆ. ಒಂದರಲ್ಲಿ ವಿದ್ಯುತ್ ಮೋಟಾರೇ ಡೈನಮೋ ಆಗಿ ಬಂಡಿಯ ಚಲನಶಕ್ತಿಯನ್ನು ಹೀರಿ ಬ್ಯಾಟರಿಗೆ ತುಂಬುತ್ತದೆ. ಇನ್ನೊಂದು ದ್ರವದ ಒತ್ತಡದಿಂದ ಕೆಲಸ ಮಾಡುವ ಸಾಮಾನ್ಯ ಬ್ರೇಕು. ರಸ್ತೆ ಹದಗೆಟ್ಟು ಅಥವಾ ಮಂಜಿನಿಂದ ಕೂಡಿ ಚಕ್ರವು ಜಾರತೊಡಗಿದಾಗ ಮೊದಲನೆಯದು ಎರಡನೆಯದಕ್ಕೆ ಕೆಲಸವನ್ನು ಒಪ್ಪಿಸಬೇಕು. ಈ ಹಸ್ತಾಂತರದ ಕ್ಷಣದಲ್ಲಿ ಬ್ರೇಕು ಸಡಿಲವಾದಂತೆ ಚಾಲಕರಿಗೆ ಭಾಸವಾಗುತ್ತಿತ್ತು. ಕ್ಷಣ ಎಂದರೆ ಎಷ್ಟು? ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಬಂಡಿ ಅರ್ಧ ಸೆಕೆಂಡಿನಲ್ಲಿ ೮ ಮೀಟರಿಗಿಂತ ಹೆಚ್ಚು ದೂರ ಮುಂದೆ ಹೋಗಿರುತ್ತದೆ. ಇಲ್ಲಿ ಯಾವ ಬಿಡಿಭಾಗವೂ ಮುರಿದಿರಲಿಲ್ಲ. ಎರಡು ಒಳ್ಳೆಯ ಬ್ರೇಕುಗಳ ನಡುವಣ ಮಾತುಕತೆಯಲ್ಲಿ ಕೊರತೆಯಿತ್ತು.

ಅದೇ ಸಂಸ್ಥೆಯ ಬಂಡಿಗಳು ಚಾಲಕನ ಇಚ್ಛೆಯಿಲ್ಲದೆ ವೇಗ ಪಡೆಯುತ್ತವೆ ಎಂಬ ದೂರುಗಳ ಪ್ರಕರಣ ಇನ್ನೂ ಹೆಚ್ಚಿನ ಪಾಠವನ್ನು ಹೇಳುತ್ತದೆ. ಅಮೆರಿಕದ ಸರ್ಕಾರದ ಕೋರಿಕೆಯಂತೆ ನಾಸಾ ಸಂಸ್ಥೆಯ ತಜ್ಞರು ೨ ಲಕ್ಷ ೮೦ ಸಾವಿರಕ್ಕೂ ಹೆಚ್ಚು ಸಾಲುಗಳ ತಂತ್ರಾಂಶವನ್ನು ಪರಿಶೀಲಿಸಿದರು. ಅಪಾಯಕರ ವೇಗವೃದ್ಧಿಗೆ ಕಾರಣವಾಗಬಲ್ಲ ವಿದ್ಯುನ್ಮಾನ ದೋಷ ಕಂಡುಬರಲಿಲ್ಲವೆಂಬುದು ೨೦೧೧ರ ಫೆಬ್ರವರಿಯಲ್ಲಿ ಪ್ರಕಟವಾದ ಅವರ ತೀರ್ಮಾನ. ಆದರೆ ೨೦೧೩ರ ಅಕ್ಟೋಬರಿನಲ್ಲಿ ಓಕ್ಲಹೋಮದ ನ್ಯಾಯಾಲಯವೊಂದರಲ್ಲಿ, ಅದೇ ಬಗೆಯ ತಂತ್ರಾಂಶವನ್ನು ಓದಿದ ಬೇರೆ ತಜ್ಞರು ಅದು ತೊಡಕಾಗಿ ಹೆಣೆದುಕೊಂಡಿದೆಯೆಂದೂ, ನಂಬಲು ಅರ್ಹವಲ್ಲವೆಂದೂ ಸಾಕ್ಷ್ಯ ನುಡಿದರು. ಪಂಚಾಯಿತರು ಸಂಸ್ಥೆಯನ್ನು ಹೊಣೆಯೆಂದು ತೀರ್ಮಾನಿಸಿದರು; ದಂಡದ ಪ್ರಶ್ನೆ ಇತ್ಯರ್ಥವಾಗುವ ಮುನ್ನ ಉಭಯ ಪಕ್ಷಗಳು ರಾಜಿಯಾದವು. ಯಾರು ಸರಿ ಎಂಬುದನ್ನು ಇಲ್ಲಿ ತೀರ್ಮಾನಿಸಬೇಕಾಗಿಲ್ಲ. ನಾವು ಗಮನಿಸಬೇಕಾದುದು ಬೇರೆ. ಒಂದು ಬರಹವನ್ನು ವಿದ್ವಾಂಸರು ತಿಂಗಳುಗಟ್ಟಲೆ ಓದಿದ ಮೇಲೂ ಅದು ಸುರಕ್ಷಿತವೆ ಅಲ್ಲವೆ ಎಂಬುದರಲ್ಲಿ ಒಮ್ಮತಕ್ಕೆ ಬರಲಾಗದಿದ್ದರೆ, ಆ ಅಸ್ಪಷ್ಟತೆಯೇ ಒಂದು ದೋಷವಲ್ಲವೆ? ಸೇತುವೆಯನ್ನು ಕಟ್ಟುವ ಎಂಜಿನಿಯರನು ತನ್ನ ಲೆಕ್ಕವನ್ನು ಇನ್ನೊಬ್ಬನು ಓದಿ ಒಪ್ಪುವಂತೆ ಬರೆಯುತ್ತಾನೆ. ತಂತ್ರಾಂಶದಿಂದಲೂ ನಾವು ಅಷ್ಟನ್ನೇ ಕೇಳಬೇಕು.

ವಿಚಿತ್ರವೆಂದರೆ ಗುಣಮಟ್ಟದ ಪಾಠವನ್ನು ಜಗತ್ತಿಗೆ ಕಲಿಸಿದವರಲ್ಲಿ ಟೊಯೋಟ ಸಂಸ್ಥೆಯೂ ಒಂದು. ಅದರ ಮೂಲಪುರುಷ ಸಕಿಚಿ ಟೊಯೋಡನು ೧೯೨೪ರಲ್ಲಿ ಪೂರ್ಣಗೊಳಿಸಿದ ಮಗ್ಗವು ಒಂದು ನೂಲು ಕಡಿದರೆ ತಾನಾಗಿಯೇ ನಿಲ್ಲುತ್ತಿತ್ತು. ಹಾಳಾದ ಬಟ್ಟೆಯನ್ನು ಗಜಗಟ್ಟಲೆ ನೇಯ್ದು ಆಮೇಲೆ ವಿಂಗಡಿಸುವುದಕ್ಕಿಂತ, ತಪ್ಪಾದ ಕ್ಷಣದಲ್ಲಿಯೇ ನಿಲ್ಲುವುದು ಲೇಸು ಎಂಬುದು ಅದರ ತತ್ತ್ವ. ಮುಂದೆ ಕಾರಿನ ಕಾರ್ಖಾನೆಯಲ್ಲಿ ಸಾಮಾನ್ಯ ಕಾರ್ಮಿಕನೂ ಹಗ್ಗವನ್ನೆಳೆದು ಇಡೀ ಸಾಲನ್ನು ನಿಲ್ಲಿಸಬಹುದೆಂಬ ನಿಯಮವಾಯಿತು. ಲೋಹದಲ್ಲಿ ಇಷ್ಟು ಎಚ್ಚರದಿಂದಿದ್ದ ಸಂಸ್ಥೆಗೂ ಬರಹದಲ್ಲಿ ಎಡವಿಕೆ ತಪ್ಪಲಿಲ್ಲ ಎಂದ ಮೇಲೆ ಇತರರ ಪಾಡೇನು?

ಈ ಎಡವಿಕೆಗೆ ಕಾರಣವೂ ಸ್ಪಷ್ಟವಾಗಿದೆ. ಹಳೆಯ ಮೋಟಾರು ಸಂಸ್ಥೆಗಳು ತಾವೇ ತಂತ್ರಾಂಶ ಬರೆದವುಗಳಲ್ಲ. ಬ್ರೇಕನ್ನು ಒಬ್ಬ ಸರಬರಾಜುದಾರನಿಂದ, ಸ್ಟಿಯರಿಂಗನ್ನು ಇನ್ನೊಬ್ಬನಿಂದ ಕೊಂಡರು. ಆಯಾ ಪೆಟ್ಟಿಗೆಯೊಳಗಿನ ಬರಹವೂ ಅದರೊಡನೆಯೇ ಬಂದಿತು. ಮದುವೆಯ ಅಡುಗೆಗೆ ಹತ್ತು ಮನೆಗಳಿಂದ ಹತ್ತು ಪಲ್ಯಗಳನ್ನು ತರಿಸಿದಂತೆ ಇದು. ಒಂದೊಂದೂ ರುಚಿಯಾಗಿರಬಹುದು, ಎಲೆಯ ಮೇಲೆ ಒಟ್ಟಾಗಿ ಹೇಗಿರುವುದೆಂದು ಅಡುಗೆಯವರಾರಿಗೂ ತಿಳಿಯದು. ಒಂದು ಸಂಘಟನೆಯು ರೂಪಿಸುವ ವ್ಯವಸ್ಥೆಯು ಆ ಸಂಘಟನೆಯೊಳಗಣ ಮಾತುಕತೆಯ ಪಡಿಯಚ್ಚಾಗಿರುತ್ತದೆ ಎಂದು ಮೆಲ್ವಿನ್ ಕಾನ್‌ವೇ ಎಂಬವನು ೧೯೬೮ರಲ್ಲಿ ಬರೆದುದು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಜರ್ಮನಿಯ ಫೋಕ್ಸ್‌ವಾಗನ್ ಸಂಸ್ಥೆ ಇದನ್ನು ಮನಗಂಡು ೨೦೨೦ರಲ್ಲಿ ತಂತ್ರಾಂಶಕ್ಕಾಗಿಯೇ ಒಂದು ಅಂಗಸಂಸ್ಥೆಯನ್ನು ಸ್ಥಾಪಿಸಿತು. ಆದರೆ ಆ ವರ್ಷ ಹೊರಬಂದ ಅದರ ವಿದ್ಯುತ್ ಕಾರಿನ ಮೊದಲ ಗ್ರಾಹಕರಿಗೆ ಕೆಲವು ಸೌಲಭ್ಯಗಳನ್ನು ಮುಂದೆ ಕೊಡಲಾಗುವುದೆಂದು ಹೇಳಬೇಕಾಯಿತು. ಅದೇ ಬಳಗದ ಪೋರ್ಷೆ ಮಕಾನ್ ವಿದ್ಯುತ್ ಕಾರು ತಂತ್ರಾಂಶ ಸಿದ್ಧವಾಗದ ಕಾರಣ ತಡವಾಗಿ, ೨೦೨೪ರ ಜನವರಿಯಲ್ಲಿ ಬೆಳಕು ಕಂಡಿತು. ನೂರು ಗಣಕಗಳನ್ನು ಕೊಂಡು ಜೋಡಿಸಿದ ಮಾತ್ರಕ್ಕೆ ಅಂಕೀಯ ಪರಿವರ್ತನೆ ಆಗುವುದಿಲ್ಲ. ಕೆಲಸ ಮಾಡುವ ಜನರ ಕ್ರಮವೇ ಬದಲಾಗಬೇಕಾಗುತ್ತದೆ.

'ಮುಂದೆ ಕೊಡಲಾಗುವುದು' ಎಂಬ ಮಾತನ್ನು ವಾಚಕರು ಗಮನಿಸಬೇಕು. ಈ ಕಾಲದ ಮೋಟಾರು ಉದ್ಯಮದಲ್ಲಿ ಅತ್ಯಂತ ಆಕರ್ಷಕವೂ ಅತ್ಯಂತ ಅಪಾಯಕರವೂ ಆದ ಮಾತು ಅದೇ. ಈಗ ತಂತ್ರಾಂಶವನ್ನು ಆಕಾಶಮಾರ್ಗವಾಗಿ, ನಿಸ್ತಂತುವಾಗಿ ಕಳುಹಿಸಿ, ಮಾಲಿಕನ ಮನೆಯ ಮುಂದೆ ನಿಂತ ಬಂಡಿಯಲ್ಲಿಯೇ ತಿದ್ದಬಹುದು. ಇದರ ಪ್ರಯೋಜನವನ್ನು ಅಲ್ಲಗಳೆಯುವವನು ಅವಿವೇಕಿ. ಹಿಂದೆ ದೋಷವುಳ್ಳ ಬಂಡಿಯನ್ನು ಹಿಂದಕ್ಕೆ ಕರೆದಾಗ ಎಷ್ಟೋ ಮಾಲಿಕರು ಬರುತ್ತಲೇ ಇರಲಿಲ್ಲ. ದೋಷವು ರಸ್ತೆಯ ಮೇಲೆಯೇ ಉಳಿಯುತ್ತಿತ್ತು.

೨೦೧೮ರ ಮೇ ತಿಂಗಳಿನಲ್ಲಿ ನಡೆದ ಸಂಗತಿ ಇದು. ಅಮೆರಿಕದ ಗ್ರಾಹಕ ಪತ್ರಿಕೆಯಾದ 'ಕನ್ಸ್ಯೂಮರ್ ರಿಪೋರ್ಟ್ಸ್' ಟೆಸ್ಲ ಸಂಸ್ಥೆಯ ಮಾಡೆಲ್ ೩ ಕಾರನ್ನು ಪರೀಕ್ಷಿಸಿ, ಗಂಟೆಗೆ ೬೦ ಮೈಲಿ ವೇಗದಿಂದ ನಿಲ್ಲಲು ಅದಕ್ಕೆ ೧೫೨ ಅಡಿ ಬೇಕಾಗುವುದೆಂದೂ, ಆ ವರ್ಗದ ಕಾರಿಗೆ ಇದು ಬಹಳ ಹೆಚ್ಚೆಂದೂ ಪ್ರಕಟಿಸಿತು. ಸಂಸ್ಥೆಯು ಕೆಲವೇ ದಿನಗಳಲ್ಲಿ ಹೊಸ ತಂತ್ರಾಂಶವನ್ನು ನಿಸ್ತಂತುವಾಗಿ ಕಳುಹಿಸಿತು. ಮತ್ತೆ ಪರೀಕ್ಷಿಸಿದಾಗ ದೂರವು ೧೩೩ ಅಡಿಗೆ ಇಳಿದಿತ್ತು. ಒಂದು ತಿರುಪನ್ನೂ ಮುಟ್ಟದೆ ೧೯ ಅಡಿ ಉಳಿಯಿತು! ಇದು ಮೆಚ್ಚತಕ್ಕ ಸಾಧನೆ, ಸಂದೇಹವಿಲ್ಲ. ಆದರೆ ಮೆಚ್ಚುಗೆಯ ಹಿಂದೆಯೇ ಒಂದು ಪ್ರಶ್ನೆ ಏಳುತ್ತದೆ. ಆ ೧೯ ಅಡಿಗಳ ಕೊರತೆ ಕಾರು ಮಾರಾಟವಾಗುವ ಮೊದಲೇ ಏಕೆ ಕಾಣಲಿಲ್ಲ? ಪತ್ರಿಕೆಯವರು ಪರೀಕ್ಷಿಸದೆ ಇದ್ದಿದ್ದರೆ? ಆ ನಡುವಣ ದಿನಗಳಲ್ಲಿ ೧೪೦ನೆಯ ಅಡಿಯಲ್ಲಿ ಒಂದು ಮಗು ರಸ್ತೆಯನ್ನು ದಾಟುತ್ತಿದ್ದರೆ? ತಿದ್ದುಪಡಿ ಎಷ್ಟೇ ಶೀಘ್ರವಾಗಿರಲಿ, ಅದು ಹಿಂದಿನ ದಿನಕ್ಕೆ ತಲುಪುವುದಿಲ್ಲ.

ನಮ್ಮ ಅಭಿಪ್ರಾಯ ಇಷ್ಟೇ. ತಿದ್ದಲು ಸಾಧ್ಯ ಎಂಬುದು ತಪ್ಪನ್ನು ಮಾರಲು ಪರವಾನಗಿಯಾಗಬಾರದು. ಮೊಬೈಲಿನ ಆಟವೊಂದು ಅರೆಬೆಂದಿದ್ದರೆ ಆಟಗಾರನಿಗೆ ಬೇಸರವಾದೀತು, ಅಷ್ಟೆ. ಒಂದೂವರೆ ಟನ್ನಿನ ಬಂಡಿ ಅರೆಬೆಂದಿದ್ದರೆ ಅದನ್ನು ಕೊಳ್ಳದ ದಾರಿಹೋಕನೂ ಬೆಲೆ ತೆರಬೇಕಾಗುತ್ತದೆ.

ತಿದ್ದುಪಡಿ ಬರುವ ಬಾಗಿಲಿನ ಕಾವಲೂ ಒಂದು ಪ್ರಶ್ನೆಯೇ. ೨೦೧೫ರ ಜುಲೈಯಲ್ಲಿ ಇಬ್ಬರು ಸಂಶೋಧಕರು, ಚಾರ್ಲಿ ಮಿಲ್ಲರ್ ಮತ್ತು ಕ್ರಿಸ್ ವಾಲಸೆಕ್, ದೂರದಲ್ಲಿ ಕುಳಿತು, ಮೊಬೈಲ್ ಜಾಲದ ಮೂಲಕ ಜೀಪ್ ಚೆರೋಕಿ ಬಂಡಿಯ ಮನರಂಜನೆಯ ಪೆಟ್ಟಿಗೆಯನ್ನು ಹೊಕ್ಕು, ಅಲ್ಲಿಂದ ಎಂಜಿನ್ನಿಗೂ ಬ್ರೇಕಿಗೂ ಅಪ್ಪಣೆ ಕೊಡಬಹುದೆಂದು ತೋರಿಸಿಕೊಟ್ಟರು. ಸಂಸ್ಥೆಯು ೧೪ ಲಕ್ಷ ಬಂಡಿಗಳನ್ನು ತಿದ್ದಬೇಕಾಯಿತು. ಹಾಡು ಕೇಳಿಸುವ ಪೆಟ್ಟಿಗೆಗೂ ಬ್ರೇಕಿಗೂ ನಡುವೆ ಗೋಡೆ ಇರಬೇಕೆಂಬ ವಿವೇಕ ಮೊದಲೇ ಇರಬೇಕಾಗಿತ್ತು. ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೇನು ಬಂತು? ಈ ಅನುಭವಗಳಿಂದ ವಿಶ್ವಸಂಸ್ಥೆಯ ಆಶ್ರಯದಲ್ಲಿ ೨೦೨೦ರಲ್ಲಿ ಎರಡು ನಿಯಮಗಳು ರೂಪುಗೊಂಡವು. ಒಂದು ಬಂಡಿಯ ಗಣಕಗಳ ರಕ್ಷಣೆಗೆ, ಇನ್ನೊಂದು ತಂತ್ರಾಂಶದ ತಿದ್ದುಪಡಿಗೆ ಸಂಬಂಧಿಸಿದುದು. ೨೦೨೪ರ ಜುಲೈಯಿಂದ ಐರೋಪ್ಯ ಒಕ್ಕೂಟದಲ್ಲಿ ಮಾರುವ ಹೊಸ ಕಾರುಗಳಿಗೆ ಅವು ಕಡ್ಡಾಯವಾಗಿವೆ.

ಬರಹದಲ್ಲಿ ತಪ್ಪಿಲ್ಲದಿದ್ದರೂ ಅದು ಕೆಟ್ಟದ್ದಾಗಿರಬಹುದು ಎಂಬುದಕ್ಕೆ ಫೋಕ್ಸ್‌ವಾಗನ್ ಸಂಸ್ಥೆಯ ಡೀಸೆಲ್ ಪ್ರಕರಣವೇ ಸಾಕ್ಷಿ. ಆ ಕಾರುಗಳ ತಂತ್ರಾಂಶವು ಸ್ಟಿಯರಿಂಗಿನ ಚಲನೆ, ವೇಗ, ಅವಧಿ ಮೊದಲಾದುವನ್ನು ಗಮನಿಸಿ, ತಾನಿರುವುದು ಪ್ರಯೋಗಶಾಲೆಯಲ್ಲಿಯೋ ರಸ್ತೆಯಲ್ಲಿಯೋ ಎಂದು ಊಹಿಸುತ್ತಿತ್ತು. ಪರೀಕ್ಷೆಯಾದರೆ ಹೊಗೆಯನ್ನು ಶುದ್ಧಿ ಮಾಡುತ್ತಿತ್ತು. ರಸ್ತೆಯಾದರೆ ಮಿತಿಗಿಂತ ೪೦ ಪಟ್ಟಿನವರೆಗೂ ಸಾರಜನಕದ ಆಕ್ಸೈಡುಗಳನ್ನು ಉಗುಳುತ್ತಿತ್ತು. ಪಶ್ಚಿಮ ವರ್ಜೀನಿಯ ವಿಶ್ವವಿದ್ಯಾನಿಲಯದ ಸಂಶೋಧಕರು ಉಪಕರಣಗಳನ್ನು ಕಾರಿನಲ್ಲಿಯೇ ಹೊತ್ತು ರಸ್ತೆಯಲ್ಲಿ ಅಳೆದುದರಿಂದ ಮೊದಲ ಸುಳಿವು ದೊರೆಯಿತು. ೨೦೧೫ರ ಸೆಪ್ಟೆಂಬರಿನಲ್ಲಿ ಹಗರಣ ಬಯಲಾಯಿತು. ಜಗತ್ತಿನಾದ್ಯಂತ ಸುಮಾರು ೧ ಕೋಟಿ ೧೦ ಲಕ್ಷ ಬಂಡಿಗಳಲ್ಲಿ ಆ ಬರಹವಿತ್ತು. ಅದು ತಪ್ಪಾಗಿ ಕೆಲಸ ಮಾಡಲಿಲ್ಲ; ಬರೆದವರು ಬಯಸಿದಂತೆಯೇ ಕೆಲಸ ಮಾಡಿತು. ಹೊಗೆಯನ್ನು ತಡೆಯಲೆಂದು ಬಂಡಿಯೊಳಕ್ಕೆ ತಂದ ಗಣಕವೇ ಹೊಗೆಯನ್ನು ಮರೆಮಾಡಿತು. ಬೇಲಿಯೇ ಎದ್ದು ಹೊಲ ಮೇಯ್ದಿತು. ೨೦೧೭ರಲ್ಲಿ ಅಮೆರಿಕದ ನ್ಯಾಯಾಲಯವು ಆ ಸಂಸ್ಥೆಯ ಎಂಜಿನಿಯರನೊಬ್ಬನಿಗೆ ೪೦ ತಿಂಗಳು, ಅಧಿಕಾರಿಯೊಬ್ಬನಿಗೆ ೭ ವರ್ಷ ಸೆರೆವಾಸ ವಿಧಿಸಿತು. 'ಮೇಲಿನವರು ಹೇಳಿದರು, ನಾನು ಬರೆದೆ' ಎಂಬ ಸಮಾಧಾನ ಬರೆದವನನ್ನು ಕಾಪಾಡದು ಎಂಬುದನ್ನು ತರುಣರು ಈಗಲೇ ಮನಸ್ಸಿನಲ್ಲಿಡಬೇಕು.

ಇವೆಲ್ಲ ದೂರದ ದೇಶಗಳ ಕಥೆ ಎಂದು ಕನ್ನಡದ ವಿದ್ಯಾರ್ಥಿಗಳು ಭಾವಿಸಬಾರದು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಎಂಬ ಹೆಸರಿನಿಂದ ಸ್ಪಾರ್ಕ್ ಪ್ಲಗ್ಗನ್ನೂ ಇಂಧನದ ಪಂಪನ್ನೂ ತಯಾರಿಸುತ್ತಿದ್ದ ಕಾರ್ಖಾನೆ ಬಾಷ್ ಬಳಗದ್ದೇ. ಇಂದು ಅದೇ ಬಳಗದ ಸಾವಿರಾರು ಎಂಜಿನಿಯರರು ಅದೇ ನಗರದಲ್ಲಿ ತಂತ್ರಾಂಶವನ್ನು ಬರೆಯುತ್ತಿದ್ದಾರೆ. ಮರ್ಸಿಡಿಸ್ ಬೆಂಜ್ ಸಂಸ್ಥೆಯ ಸಂಶೋಧನಾ ಕೇಂದ್ರವು ೧೯೯೬ರಿಂದ ಬೆಂಗಳೂರಿನಲ್ಲಿದೆ. ಬಿಡದಿಯಲ್ಲಿ ಟೊಯೋಟ ಕಾರುಗಳು ತಯಾರಾಗುತ್ತಿವೆ. ಜರ್ಮನಿಯ ಹೆದ್ದಾರಿಯಲ್ಲಿ ಓಡುವ ಬಂಡಿಯ ಒಂದು ನಿರ್ಧಾರ ಬೆಂಗಳೂರಿನ ಮೇಜೊಂದರ ಮೇಲೆ ಬರೆದುದಾಗಿರಬಹುದು. ಇಂದು ಈ ಪತ್ರಿಕೆಯನ್ನು ಓದುತ್ತಿರುವವರಲ್ಲಿ ಕೆಲವರಾದರೂ ನಾಳೆ ಆ ಮೇಜಿನ ಮುಂದೆ ಕುಳಿತುಕೊಳ್ಳುವರು.

ಆದುದರಿಂದ ಮೂರು ಸಲಹೆಗಳನ್ನು ಮುಂದಿಡುತ್ತೇವೆ. ಮೊದಲನೆಯದು ಕಾಲೇಜುಗಳಿಗೆ. ತಂತ್ರಾಂಶ ಬರೆಯುವುದನ್ನು ಕಲಿಸುವಷ್ಟೇ ಶ್ರದ್ಧೆಯಿಂದ ಇನ್ನೊಬ್ಬರು ಬರೆದುದನ್ನು ಓದಿ ದೋಷ ಹುಡುಕುವುದನ್ನೂ ಕಲಿಸಬೇಕು. ೨೦೧೧ರಲ್ಲಿ ಪ್ರಕಟವಾದ ಐಎಸ್‌ಒ ೨೬೨೬೨ ಎಂಬ ಅಂತಾರಾಷ್ಟ್ರೀಯ ಮಾನಕವು ಬರೆಯುವ ಮುನ್ನವೇ ಅಪಾಯವನ್ನು ಅಂದಾಜು ಮಾಡಿ, ಎ ಯಿಂದ ಡಿ ವರೆಗಿನ ಶ್ರೇಣಿಗಳಲ್ಲಿ ವಿಂಗಡಿಸಿ, ಪ್ರತಿಯೊಂದು ಅಗತ್ಯಕ್ಕೂ ಒಂದು ಪರೀಕ್ಷೆಯನ್ನು ಜೋಡಿಸಬೇಕೆಂದು ಹೇಳುತ್ತದೆ. ಈ ಶಿಸ್ತು ಉದ್ಯೋಗಕ್ಕೆ ಸೇರಿದ ಮೇಲೆ ಕಲಿಯತಕ್ಕದ್ದಲ್ಲ; ಪ್ರಯೋಗಶಾಲೆಯಲ್ಲಿಯೇ ರೂಢಿಯಾಗಬೇಕು. ಎರಡನೆಯದು ಸರ್ಕಾರಕ್ಕೆ. ಬಂಡಿಗಳಿಗೆ ಡಿಕ್ಕಿ ಹೊಡೆಸಿ ನೋಡಿ ನಕ್ಷತ್ರಗಳನ್ನು ಕೊಡುವ ಭಾರತ್ ಎನ್‌ಕ್ಯಾಪ್ ಪದ್ಧತಿ ನಮ್ಮಲ್ಲಿ ೨೦೨೩ರ ಅಕ್ಟೋಬರಿನಲ್ಲಿ ಆರಂಭವಾಯಿತು. ಉಕ್ಕಿನ ಬಲವನ್ನು ಪರೀಕ್ಷಿಸುವ ಈ ಕಾಳಜಿ ಬರಹದ ಬಲಕ್ಕೂ ವಿಸ್ತರಿಸಲಿ. ತಯಾರಕರಲ್ಲದ ತಜ್ಞರು ಅದನ್ನು ಓದುವಂತಾಗಲಿ. ಇದರಿಂದ ವ್ಯಾಪಾರದ ಗುಟ್ಟು ಹೊರಬೀಳುವುದೆಂದು ಸಂಸ್ಥೆಗಳು ಆಕ್ಷೇಪಿಸಬಹುದು. ಔಷಧಗಳ ತಯಾರಕರಿಗೂ ಗುಟ್ಟುಗಳುಂಟು. ಆದರೂ ಪರೀಕ್ಷೆಗೆ ಒಳಪಡದ ಔಷಧವನ್ನು ನಾವು ಅಂಗಡಿಗೆ ಬಿಡುವುದಿಲ್ಲ. ಮೂರನೆಯದು ತಯಾರಕರಿಗೆ. ಮಾರಿದ ಮೇಲೆ ಯಾವ ಸುರಕ್ಷತಾ ದೋಷವನ್ನು, ಯಾವಾಗ, ಏಕೆ ತಿದ್ದಿದಿರಿ ಎಂಬುದನ್ನು ಗ್ರಾಹಕನಿಗೆ ತಿಳಿಯುವ ಭಾಷೆಯಲ್ಲಿ ಪ್ರಕಟಿಸಿ. ರಾತ್ರೋರಾತ್ರಿ ಸದ್ದಿಲ್ಲದೆ ಬಂದ ತಿದ್ದುಪಡಿಯಿಂದ ಬಂಡಿ ಸುಧಾರಿಸಬಹುದು; ಆದರೆ ಯಾರೂ ಏನನ್ನೂ ಕಲಿತಂತಾಗುವುದಿಲ್ಲ.

ಇಷ್ಟು ಜಾಗರೂಕತೆಯಿಂದ ಕೆಲಸ ನಿಧಾನವಾಗುವುದಲ್ಲವೆ, ಬೇರೆಯವರು ಮುಂದೆ ಹೋಗುವರಲ್ಲವೆ ಎಂಬ ಮಾತು ಬರುತ್ತದೆ. ನಿಧಾನವಾಗುವುದು ನಿಜ. ಆದರೆ ನೂಲು ಕಡಿದಾಗ ನಿಲ್ಲುವ ಮಗ್ಗವೂ ಆ ಕ್ಷಣಕ್ಕೆ ನಿಧಾನವೇ. ಬರಹವನ್ನು ಇನ್ನೊಮ್ಮೆ ಓದುವುದಕ್ಕೆ ಹಿಡಿಯುವ ಒಂದು ವಾರವನ್ನು ಉಳಿಸಲು ಹೋಗಿ ಲಕ್ಷಾಂತರ ಬಂಡಿಗಳನ್ನು ಹಿಂದಕ್ಕೆ ಕರೆದವರ ಲೆಕ್ಕವನ್ನು ನೋಡಿದರೆ, ಯಾವುದು ವೇಗ ಯಾವುದು ವಿಳಂಬ ಎಂಬುದು ತಾನಾಗಿಯೇ ಸ್ಪಷ್ಟವಾಗುವುದು. ಬಂಡಿಯನ್ನು ಏರುವವನು ಅದರೊಳಗಿನ ಬರಹವನ್ನು ಓದಲಾರ; ಬರೆದವರನ್ನು ಅವನು ಎಂದೂ ಕಾಣಲಾರ. ಆದರೂ ತನ್ನ ಪ್ರಾಣವನ್ನೂ ತನ್ನ ಮಕ್ಕಳ ಪ್ರಾಣವನ್ನೂ ಅವರ ಕೈಯಲ್ಲಿಟ್ಟು ಕೀಲಿಯನ್ನು ತಿರುಗಿಸುತ್ತಾನೆ. ಆ ನಂಬಿಕೆಗೆ ತಕ್ಕ ಕೆಲಸವನ್ನು ಮೊದಲ ಸಲವೇ ಮಾಡುವುದು ನಮ್ಮ ತರುಣ ಎಂಜಿನಿಯರರ ಧರ್ಮ.